ಒಂಬತ್ತು ಅಕ್ಷರ

ಗೋಡೆಯಾಚೆ ಅವರು ಒಬ್ಬನ ಮೊಣಕಾಲಿನ ಬಗ್ಗೆ ಮಾತಾಡುತ್ತಿದ್ದಾರೆ.
ಈಚೆ ನಾನು, ವಾಂಡಾ,
ಪೀಟರ್ಸನ್ನನ ಅಂಗಿಯಿಂದ ಪೀಟರ್ಸನ್ನನ್ನು ಬಿಚ್ಚುತ್ತಿದ್ದೇನೆ.
ಮೊದಲ ಹೊಲಿಗೆ ಬಿಟ್ಟರೆ ಉಳಿದದ್ದು ಸರಸರ.
ಎರಡು ಸೀಸನ್ ಓಡಿದ ಹುಡುಗ
ಹನ್ನೊಂದು ನಿಮಿಷಕ್ಕೆ ಬರಿ ಬಟ್ಟೆ.

ಮಾರ್ಚ್ ತಿಂಗಳು. ಈರೀ ಸರೋವರದ ಮೇಲಿನ ಮಂಜುಗಡ್ಡೆ
ಒಡೆಯಲೋ ಬೇಡವೋ ಎಂದು ಕೂತಿದೆ.
ಆಚೆ ಕೋಣೆಯಲ್ಲೂ ಅದೇ ಹವಾಮಾನ.
ಜಾರಿಯಸ್ ಪೆಟಿಗ್ರೂ, ರನ್ನಿಂಗ್ ಬ್ಯಾಕ್, ಇಪ್ಪತ್ತೊಂಬತ್ತು ವರ್ಷ,
ಯಾವ ತಂಡದ ಋಣವೂ ಇಲ್ಲದೆ ಬಯಲಲ್ಲಿ ನಿಂತವನು.
ಕರೆಯೋಣವೇ, ಬಿಡೋಣವೇ?

"ಓಡುತ್ತಾನೆ" ಎಂದರು ಕೋಚ್ ರುಸ್ನಾಕ್,
"ಪಾಸು ಹಿಡಿಯುತ್ತಾನೆ, ಒದ್ದ ಚೆಂಡನ್ನು ಹೊತ್ತು ತರುತ್ತಾನೆ,
ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವವರಿಗೆ ಎದೆಯೊಡ್ಡುತ್ತಾನೆ.
ಒಮ್ಮೆ ಕಿಕ್ಕರ್ ಕುಂಟಿದಾಗ ಒದ್ದೂ ಇದ್ದಾನೆ."

"ಸರಿ, ಯಾವುದಕ್ಕೆಂದು ಸಂಬಳ ಬರೆಯಲಿ?"
ಇದು ಹಾಲ್ಕಂಬ್, ತಿಜೋರಿಯ ಮನುಷ್ಯ.
"ಓಟಕ್ಕಾದರೆ ಏಪ್ರಿಲ್ ಡ್ರಾಫ್ಟಿನಲ್ಲಿ
ಇಪ್ಪತ್ತೆರಡರ ಹುಡುಗರು ಸಿಗುತ್ತಾರೆ, ಅರ್ಧ ಬೆಲೆಗೆ,
ಒಂದು ಗಾಯವೂ ಇಲ್ಲದೆ."

ಡಾಕ್ಟರ್ ಮಾತಾಡಲಿಲ್ಲ.
ಹಾಳೆಯೊಂದು ಮೇಜಿನ ಮೇಲೆ ಜಾರಿದ ಸದ್ದು.
ಎಡಗಾಲಿನ ಫಿಲ್ಮ್ ಇರಬೇಕು.

"ಒಂದೇ ವರ್ಷ, ಕನಿಷ್ಠ ದುಡ್ಡು" ಎಂದರು ಕೋಚ್,
"ಬಂದರೆ ಬೆಟ್ಟ, ಹೋದರೆ ಕೂದಲು."
ನಕ್ಕರು ಎಲ್ಲರೂ.
ಕೂದಲು ಯಾರ ತಲೆಯದೆಂದು
ಒಬ್ಬರೂ ಕೇಳಲಿಲ್ಲ.

ನನ್ನನ್ನು ಕೇಳುವವರಿಲ್ಲ. ಕೇಳಿದ್ದರೆ
ಬಟ್ಟೆಯ ಸಾಕ್ಷಿ ಹೇಳುತ್ತಿದ್ದೆ.
ಓಡುವವನ ಅಂಗಿ ಹೆಗಲಲ್ಲಿ ಹರಿಯುತ್ತದೆ,
ಹಿಡಿಯುವವನದು ಪಕ್ಕೆಯಲ್ಲಿ,
ಬೇರೆಯವನಿಗಾಗಿ ಅಡ್ಡ ನಿಲ್ಲುವವನದು ಎದೆಯ ಮೇಲೆ, ನಟ್ಟನಡುವೆ.
ಪೆಟಿಗ್ರೂನ ಅಂಗಿ ನನ್ನ ಕೈಗೆ ಬಂದಿಲ್ಲ.
ಹರಿಯದ ಜಾಗ ಅದರಲ್ಲಿ ಎಲ್ಲಿದ್ದೀತು?

ಒಮ್ಮೆ ನೋಡಿದ್ದೇನೆ, ಡಿಸೆಂಬರಿನಲ್ಲಿ, ಎದುರಾಳಿಯಾಗಿ.
ಚೆಂಡು ಅವನ ಬಳಿ ಇರಲಿಲ್ಲ.
ನೂರು ಪೌಂಡು ಹೆಚ್ಚಿನವನೊಬ್ಬ ನುಗ್ಗಿ ಬಂದ,
ಇವನು ಕೆಳಗಿನಿಂದ ತಡೆದ, ಬಿದ್ದ,
ಎದ್ದು, ಕೆಸರಲ್ಲಿ ಹುಡುಕಿ
ಆ ದೈತ್ಯನ ದವಡೆಯಿಂದ ಹಾರಿದ್ದ ಹಲ್ಲುಕವಚವನ್ನು
ಅವನ ಕೈಗೇ ಕೊಟ್ಟ.
ಟಿವಿಯಲ್ಲಿ ಬರಲಿಲ್ಲ ಅದು. ಕ್ಯಾಮೆರಾ ಚೆಂಡಿನ ಹಿಂದಿತ್ತು.

ಹಾಗೆಂದು ಹಾಲ್ಕಂಬ್ ಸುಳ್ಳಾಡುತ್ತಿಲ್ಲ.
ಮಾರ್ಚಿನಲ್ಲಿ ಹೊಲಿದು ಆಗಸ್ಟಿನಲ್ಲಿ ಬಿಚ್ಚಿದ ಹೆಸರುಗಳು
ಈ ಬಿಸ್ಕತ್ತಿನ ಡಬ್ಬಿಯಲ್ಲಿ ನಾಲ್ಕಿವೆ.
ನಾಲ್ವರೂ ಎಲ್ಲ ಬಲ್ಲವರು.
ಎಲ್ಲದಕ್ಕೂ ಬರುವವನನ್ನು
ಎಲ್ಲ ಕಡೆಯಿಂದಲೂ ಬೀಳ್ಕೊಡಬಹುದು.
ನಾನೂ ಇಲ್ಲಿ ಹೆಸರು ಹೊಲಿಯಲೆಂದು ಬಂದವಳು.
ಈಗ ಹೆಲ್ಮೆಟ್ ಪಟ್ಟಿ, ನಲವತ್ತು ಜೊತೆ ಸಾಕ್ಸು,
ಹೋದ ಜೂನಿನಲ್ಲಿ ರುಸ್ನಾಕರ ಮಗಳ ಮದುವೆ ಗೌನು.
ಕೈಲಾಗುತ್ತದೆಂದು ಒಮ್ಮೆ ತೋರಿಸಬಾರದು.

ಆದರೂ ಕೈ ಸುಮ್ಮನಿರುವುದಿಲ್ಲ.
ಪೀಟರ್ಸನ್ನನಿಂದ ಐದು ಅಕ್ಷರ ಸಿಕ್ಕವು:
ಪಿ, ಇ, ಟಿ, ಇನ್ನೊಂದು ಇ, ಆರ್.
ಡಬ್ಬಿಯಿಂದ ಟಿ, ಐ, ಜಿ.
ಡಬ್ಲ್ಯೂ ಇಲ್ಲ.
ಮೆರಿಕ್ ಬಿಟ್ಟುಹೋದ ಎಮ್ ಇತ್ತು, ತಲೆಕೆಳಗೆ ಇಟ್ಟು ನೋಡಿದೆ.
ಕಾಲುಗಳು ನೆಟ್ಟಗೆ, ಕೊಂಚ ಬಿಗುಮಾನ.
ಗ್ಯಾಲರಿಯಿಂದ ಯಾರಿಗೆ ಗೊತ್ತಾದೀತು?

ತೆಗೆದಿಟ್ಟೆ ಅದನ್ನು.
ಬಿಳಿ ಟ್ವಿಲ್ಲು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು
ಅವನದೇ ಒಂದು ಡಬ್ಲ್ಯೂ ಕತ್ತರಿಸುತ್ತಿದ್ದೆ.
ಆಚೆ ಕುರ್ಚಿಗಳು ಹಿಂದೆ ಸರಿದವು. ಬಾಗಿಲು.
ಹಾಲ್ಕಂಬ್ ತಲೆಯಷ್ಟೇ ಒಳಗೆ ಹಾಕಿ,
ಕತ್ತರಿಯನ್ನಾಗಲಿ ಅಕ್ಷರವನ್ನಾಗಲಿ ನೋಡದೆ, ಕೇಳಿದರು:

"ವಾಂಡಾ, ಇಪ್ಪತ್ತೆಂಟನೇ ನಂಬರು
ಯಾರ ಮೈಮೇಲಿದೆ ಈಗ?"