ಕೆಮ್ಮಿಗೆ ಗುರುತಿಲ್ಲ

ಅಡಿಲೇಡಿನ ಶಾಸನಸಭೆಯಲ್ಲಿ ಮೂವತ್ತೊಂದು ವರ್ಷ
ಬೇರೆಯವರ ಮಾತು ಬರೆದುಕೊಂಡವನು ನಾನು.
ಎರಡು ಪೆನ್ಸಿಲು, ಒಂದು ಚೂರಿ, ನಿಮಿಷಕ್ಕೆ ನೂರರವತ್ತು ಪದ.
ನಗುವಿಗೆ ಗುರುತಿದೆ ನಮ್ಮ ಶೀಘ್ರಲಿಪಿಯಲ್ಲಿ,
ಚಪ್ಪಾಳೆಗಿದೆ, 'ನಾಚಿಕೆಗೇಡು' ಎಂಬ ಕೂಗಿಗೂ ಇದೆ.
ಕೆಮ್ಮಿಗಿಲ್ಲ.

ಜೇಬೆಜ್ ಟ್ರೆಂಬಾತ್ ಎದ್ದು ನಿಂತರೆ
ಮೊದಲು ಕೆಮ್ಮು, ಆಮೇಲೆ 'ಸಭಾಧ್ಯಕ್ಷರೇ'.

ಕಾರ್ನ್‌ವಾಲಿನವನು.
ಅಲ್ಲಿ ತವರ ತೀರಿದ ವರ್ಷ ತವರೂ ತೀರಿತು;
ಹತ್ತೊಂಬತ್ತಕ್ಕೆ ಹಡಗು ಹತ್ತಿದ.
ಪಟ್ಟಿಯಲ್ಲಿ ಹೆಸರು ತಪ್ಪಾಗಿತ್ತಂತೆ. ಗೊತ್ತಾಗಲಿಲ್ಲ,
ಓದು ಬರುತ್ತಿರಲಿಲ್ಲ.
ಅಕ್ಷರ ಹತ್ತಿದ್ದು ಇಲ್ಲಿಯ ತಾಮ್ರದೂರಿನಲ್ಲಿ,
ತಗಡಿನ ಪ್ರಾರ್ಥನಾಮಂದಿರದ ಮೋಟು ಬೆಂಚಲ್ಲಿ
ಏಳು ವರ್ಷದ ಹುಡುಗಿಯರ ನಡುವೆ
ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು.

ಹದಿನೇಳು ವಾರದ ಮುಷ್ಕರ. ಇವನೇ ಕಾರ್ಯದರ್ಶಿ.
ಆರನೆಯ ವಾರ ಕಂಪನಿ ನಲ್ಲಿಗೆ ಬೀಗ ಜಡಿಯಿತು.
ಆಗ ಬಂದವನು ಪೈಂದಾ ಖಾನ್,
ಒಂಬತ್ತು ಒಂಟೆ, ಹದಿನೆಂಟು ಪೀಪಾಯಿ.
ಲೆಕ್ಕ ಇಟ್ಟುಕೋ ಎಂದರೆ
'ನೀರಿಗೆ ಎಂಥ ಲೆಕ್ಕ, ಗೆದ್ದ ಮೇಲೆ ನೋಡೋಣ' ಅಂದನಂತೆ.
ಇದನ್ನೆಲ್ಲ ಟ್ರೆಂಬಾತನೇ ಹೇಳಿದ್ದು,
ಸಭೆಯಲ್ಲಲ್ಲ, ಹೊರಗಿನ ಮೆಟ್ಟಿಲ ಮೇಲೆ.

ಗೆದ್ದರು. ಅದೇ ಬಿಸಿಯಲ್ಲಿ ಚುನಾವಣೆಯನ್ನೂ ಗೆದ್ದ.
ಮೊದಲ ಭಾಷಣ ಸ್ನಾನದ ಕೋಣೆಯ ಬಗ್ಗೆ:
ಪಾಳಿ ಮುಗಿಸಿ ಮೇಲೆ ಬಂದವನಿಗೆ ಬಿಸಿನೀರು ಬೇಕು,
ಒದ್ದೆ ಅಂಗಿಯಲ್ಲಿ ನಾಲ್ಕು ಮೈಲಿ ನಡೆದರೆ
ಎದೆ ಕಲ್ಲಾಗುತ್ತದೆ.
ಕುರಿಮಂದೆಯೊಡೆಯನೊಬ್ಬ ಕೂಗಿದ,
'ನೀನು ಈ ನೆಲದಲ್ಲಿ ಹುಟ್ಟಿದವನೇನು?'
'ನೆಲದಲ್ಲಲ್ಲ ಸ್ವಾಮಿ, ಅದರ ನೂರು ಮಾರು ಕೆಳಗೆ.'
(ನಗು) ಎಂದು ಬರೆದೆ.

ಆಮೇಲೆ ಆ ಮಸೂದೆ ಬಂತು.
ಬಿಳಿಯರಲ್ಲದವರಿಗೆ ಸಾಗಣೆಯ ಗುತ್ತಿಗೆಯಿಲ್ಲ, ಒಂಟೆಗೆ ಪರವಾನಗಿಯಿಲ್ಲ.
ಕಾರ್ಮಿಕರ ಕೂಲಿ ಕಾಯುವುದಕ್ಕೆ ಎಂದಿತು ಪಕ್ಷ,
ಒಬ್ಬರೂ ಗೆರೆ ದಾಟಕೂಡದು ಎಂದಿತು.
ಮೇಲಿನ ಗ್ಯಾಲರಿಯಲ್ಲಿ ಪೈಂದಾ ಖಾನ್ ಕೂತಿದ್ದ.
ತೊಳೆದ ಪೇಟ. ಮಂಡಿಯ ಮೇಲೆ ಎರಡೂ ಕೈ.

ಹೆಸರು ಕೂಗಿದರು.
ಟ್ರೆಂಬಾತ್ ಕೆಮ್ಮಲಿಲ್ಲ.
'ಹೌದು' ಅಂದ.
ನಮ್ಮ ಲಿಪಿಯಲ್ಲಿ ಅದು ಒಂದೇ ಗೀಟು,
ಉಗುರಿನಷ್ಟು.

ಮಂತ್ರಿಯಾದ. ಹನ್ನೊಂದು ಗಣಿಗಳಲ್ಲಿ ಬಿಸಿನೀರಿನ ಕೋಣೆ ಕಟ್ಟಿಸಿದ;
ಇವತ್ತಿಗೂ ಅಲ್ಲಿ ಮೀಯುವವರು ಅವನನ್ನು ನೆನೆಯುತ್ತಾರೆ,
ನೆನೆಯಬೇಕು.
ಹಿತ್ತಾಳೆಯ ಫಲಕದಲ್ಲಿ ಹೆಸರಿನ ಒಂದಕ್ಷರವೂ ತಪ್ಪಿಲ್ಲ.
ಪೈಂದಾ ಒಂಟೆಗಳನ್ನು ಮಾರಿ ಎತ್ತ ಹೋದನೋ,
ಅವನು ಸಭೆಯಲ್ಲಿ ಮಾತಾಡಿದವನಲ್ಲ,
ನನ್ನ ಪುಸ್ತಕದಲ್ಲಿಲ್ಲ.

ಕೊನೆಯ ಚಳಿಗಾಲ ಟ್ರೆಂಬಾತ್ ಹೇಳಿ ಕಳಿಸಿದ.
ದಿಂಬಿಗೆ ಒರಗಿದ್ದ, ಮೂಗುದ್ದದ ಗಡ್ಡ, ಕಣ್ಣು ಮಸುಕು.
ಆ ದಿನದ್ದನ್ನು ಓದು ಎಂದ. ಓದಿದೆ.
'ಹೌದು ಅನ್ನೋ ಮೊದಲು
ಎಷ್ಟು ಹೊತ್ತು ಸುಮ್ಮನಿದ್ದೆ ನಾನು?'

ಮೌನಕ್ಕೂ ಗುರುತಿಲ್ಲ ಎನ್ನಬೇಕಿತ್ತು.
ನಿಜಕ್ಕೂ ಅವನು ಸುಮ್ಮನಿದ್ದನೋ ಇಲ್ಲವೋ
ನೆನಪಿರಲಿಲ್ಲ ನನಗೆ;
ಮೊನೆ ಮುರಿದು, ತಲೆ ತಗ್ಗಿಸಿ
ಪೆನ್ಸಿಲು ಹೆರೆಯುತ್ತಿದ್ದೆ.

'ತುಂಬಾ ಹೊತ್ತು' ಅಂದೆ.

ಅವನು ನಂಬಲಿಲ್ಲ.
ನೀರು ಕೇಳಿದ.