ಆನೆ, ಹಂದಿ, ಮದುವೆ

ಮೋಟಾರು ಸುಟ್ಟ ಮೆಣಸು ಬಿಡಿಸುವ ಯಂತ್ರವನ್ನು
ಗುಜರಿಗೆ ತೂಗುವಾಗ, ಇದನ್ನೂ ಹಾಕಿಕೊಳ್ಳಿ ಎಂದರು
ಮಾಲ್ದಾರೆಯ ದೇಚಕ್ಕ.
ಗೋಣಿ ಸರಿಸಿದೆ: ಕಪ್ಪು ಬಿಳಿ ಮೂವತ್ತೇಳು ಮನೆ,
ಜಪಾನಿನ ಸಿಂಥಸೈಸರ್, ನಾನು ಹುಟ್ಟುವ ಮುಂಚಿನದು.
ಹನ್ನೊಂದು ಕಿಲೋ, ಕಿಲೋಗೆ ಇಪ್ಪತ್ತೆಂಟು.
ಅದರ ಬೆಲೆ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.
ಈ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಸಿದ್ದಾಪುರದಲ್ಲಿ ಜನವರಿಯೆಂದರೆ ಪಲ್ಪರ್ ಮೋಟಾರುಗಳ ಸಾಲು,
ಹಗಲೆಲ್ಲ ತಾಮ್ರದ ತಂತಿ ಸುತ್ತುವುದೇ ಸುತ್ತುವುದು.
ರಾತ್ರಿ ಶಟರ್ ಅರ್ಧ ಎಳೆದ ಮೇಲೆ
ಹಲಗೆಯ ಮೇಲಿನ ನಾಲ್ಕರ ಬಟ್ಟೆ ಸರಿಸುತ್ತೇನೆ:
ಕಣ್ಣೂರಿನಲ್ಲಿ ಒಡೆದುಹೋದ ಆರ್ಕೆಸ್ಟ್ರಾದ್ದು ಒಂದು,
ಸುಂಟಿಕೊಪ್ಪದ ಪಾದ್ರಿ ಪುಕ್ಕಟೆ ಕೊಟ್ಟಿದ್ದು ಇನ್ನೊಂದು,
ಉಳಿದೆರಡರ ಕತೆ ಹೆಂಡತಿಯ ಎದುರು ಹೇಳುವಂಥದ್ದಲ್ಲ.
ಹಾರ್ಮೋನಿಯಮ್ಮಾ ಅಂತ ಕೇಳುತ್ತಾನೆ ಚಹಾ ತರುವ ರಶೀದು.
ಹೂಂ ಅನ್ನುತ್ತೇನೆ, ಗಾಳಿಯಿಲ್ಲದ್ದು.

ಹೊಸದನ್ನು ಬಿಚ್ಚಿದೆ.
ಒಳಗೆ ಕಣಜ ಕಟ್ಟಿದ ಮಣ್ಣಿನ ಗೂಡು,
ಏಳು ಕಾಳು ಮೆಣಸು,
ಮನೆಗಳ ಕೆಳಗಿನ ಸ್ಪಂಜು ಕರಗಿ ಜೋನಿಬೆಲ್ಲ.
ಕೆಪಾಸಿಟರುಗಳು ಹೊಟ್ಟೆಯುಬ್ಬಿಸಿ ಕೂತಿದ್ದವು
ಊಟ ಮುಗಿದರೂ ಏಳದ ನೆಂಟರ ಹಾಗೆ.
ಒಂದೊಂದನ್ನೇ ಎಬ್ಬಿಸಿದೆ.
ರಾಳದ ಹೊಗೆ, ಬೆಸುಗೆಯ ಬಿಂದು,
ಹದಿನಾರು ರಾತ್ರಿ.

ಇವಕ್ಕೆ ಶ್ರುತಿ ಹಿಡಿಸುವುದು ಹೀಗೆ:
ಒಂದು ವೋಲ್ಟು ಏರಿದರೆ ಸ್ವರ ಒಂದು ಸ್ಥಾಯಿ ಏರಬೇಕು,
ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ.
ಆದರೆ ಚಳಿಯಲ್ಲಿ ಒಂದು ಮಾತು,
ಬಲ್ಬು ಹತ್ತಿರ ತಂದರೆ ಇನ್ನೊಂದು ಮಾತು.
ಅರ್ಧ ಗಂಟೆ ಮೈ ಕಾಯಿಸಿಕೊಂಡ ಮೇಲೆಯೇ
ನಿಜ ಹೇಳುತ್ತದೆ. ನಾನೂ ಹಾಗೆಯೇ.

ಕೊನೆಗೆ ಮುಖಫಲಕ.
ಸ್ಪಿರಿಟ್ಟು, ಹತ್ತಿ ಇಟ್ಟುಕೊಂಡು ಕೂತವನಿಗೆ
ಕೊಳೆಯಡಿಯಲ್ಲಿ ಪೆನ್ಸಿಲ್ಲಿನ ಗೀಟುಗಳು ಕಂಡವು:
ಪ್ರತಿ ನಾಬಿನ ಸುತ್ತ ಮೂರು, ಮೂರರ ತುದಿಗೂ ಸಣ್ಣಕ್ಷರ.
ಆ, ಹಂ, ಮ.
ಬದಿಯಲ್ಲಿ ಬಿಡಿಸಿ ಬರೆದಿತ್ತು: ಆನೆ. ಹಂದಿ. ಮದುವೆ.

ಹತ್ತಿ ಕೆಳಗಿಟ್ಟೆ.
ನಾಬುಗಳನ್ನೆಲ್ಲ ಆನೆಯ ಗೀಟಿಗೆ ತಿರುಗಿಸಿ
ಎಡತುದಿಯ ಮನೆ ಒತ್ತಿದೆ.
ಮೊದಲು ಡಬ್ಬಿಯ ಸ್ಕ್ರೂಗಳು ಅಲುಗಿದವು, ಆಮೇಲೆ ಬೆಂಚು,
ಕಿವಿಗೆ ಸುದ್ದಿ ಮುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ.
ಎದುರಿನ ಟೈರಿನಂಗಡಿಯಿಂದ ಯಾರೋ ಕೂಗಿದರು:
ಯಾರ ಲಾರಿ ಅದು, ಸೈಲೆನ್ಸರ್ ಇಲ್ಲದ್ದು?

ಬೆಳಗ್ಗೆ ದೇಚಕ್ಕನಿಗೆ ಫೋನು ಮಾಡಿ ಕೇಳಿಸಿದೆ.
ಫೋನಿನ ಚಿಕ್ಕ ತೂತಿನಲ್ಲಿ ಅರ್ಧ ಸೋಸಿಹೋಗಿರಬೇಕು,
ಗುರುತು ಸಿಗುವಷ್ಟು ಉಳಿದಿತ್ತು.
ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ:
ಅಪ್ಪ ಹಲಸಿನ ಮರಕ್ಕೆ ಕಹಳೆ ಮೈಕು ಕಟ್ಟಿ
ರಾತ್ರಿಯೆಲ್ಲ ಇದನ್ನು ಬಿಡುತ್ತಿದ್ದರು.
ಆನೆ ಹೆದರಿದ್ದು ಮೂರೇ ದಿನ.
ನಾಲ್ಕನೆಯ ದಿನದಿಂದ ಬೇಲಿಯಾಚೆ ಬಂದು ನಿಲ್ಲುತ್ತಿತ್ತು,
ಒಂಟಿ ಸಲಗ, ಕಿವಿ ಬೀಸುವುದನ್ನೂ ಬಿಟ್ಟು.
ಹಣ್ಣು ಮುಗಿದ ಮೇಲೂ ಬರುತ್ತಿತ್ತು.
ಓಡಿಸಬೇಕೆಂಬುದು ಅಪ್ಪನಿಗೆ ಮರೆತೇಹೋಯಿತು.
ಹಂದಿಗೆ ಮಾತ್ರ ಏನೂ ನಾಟಲಿಲ್ಲ.

ಮತ್ತೆ ಮದುವೆ?
ಅದು ನನ್ನದು. ಆ ಗೀಟಿಗೆ ಇಡಬೇಡಿ.

ಇಟ್ಟಿಲ್ಲ. ಅಳಿಸಿಯೂ ಇಲ್ಲ.
ಮುಖಫಲಕದ ಕೊಳೆ ಹಾಗೆಯೇ ಇದೆ,
ಈ ಕಸುಬಿನವರು ಕಂಡರೆ ಬೈದಾರು.

ಇನ್ನು ಆ ಲೆಕ್ಕ.
ನಿಜವಾದ ಬೆಲೆ ಹೇಳಿದೆ. ಅರ್ಧ ಕೊಡುತ್ತೇನೆ ಎಂದೆ.
ದೇಚಕ್ಕ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.
ದುಡ್ಡಿರಲಿ, ಆ ಮೆಣಸಿನ ಯಂತ್ರ ಓಡುತ್ತದಾ ಈಗ?
ಓಡುತ್ತದೆ ಎಂದೆ.
ಅದು ಅಂಗಡಿಯ ಹಿಂದೆ ಬಿದ್ದಿದೆ, ಇನ್ನೂ ಮುಟ್ಟಿಲ್ಲ.
ಇವತ್ತು ರಾತ್ರಿ ತಂತಿ ಸುತ್ತಲು ಕೂರಬೇಕು.