ಎಪ್ಪತ್ತೈದು ಪರ್ಸೆಂಟ್ ಮರೆ

ನಿಟುವಳ್ಳಿಯ ಈ ಮೂರನೇ ಮಹಡಿಯಲ್ಲಿ
ನನ್ನ ಪಾಲಿಗೆ ಬಂದ ಆಕಾಶ
ಏಳಡಿ ಉದ್ದ, ಮೂರೂವರೆ ಅಗಲ.
ಅದರಲ್ಲೂ ಅರ್ಧ ವಾಷಿಂಗ್ ಮಷಿನ್ನಿನದು.

ರಾತ್ರಿ ಪಾಳಿ ಮುಗಿಸಿ ಎಂಟೂವರೆಗೆ ಬಂದು
ಹೆರಳು ಬಿಚ್ಚಿ, ವಾರ್ಡಿನುದ್ದಕ್ಕೂ ಓಡಾಡಿ ಬಾತ ಕಾಲು
ಕಂಬಿಯ ಮೇಲೆ ಚಾಚಿ
ಒಂದು ಲೋಟ ಚಹಾ ಕುಡಿಯಬೇಕು.
ಆಸೆ ಇಷ್ಟೇ.
ಎದುರಿನ ಕಟ್ಟಡ ಎಷ್ಟು ಹತ್ತಿರವೆಂದರೆ
ಅವರ ಕುಕ್ಕರ್ ಕೂಗಿದ್ದಕ್ಕೆ
ನಾನೆದ್ದು ಹೋಗಿ ನನ್ನ ಒಲೆ ಆರಿಸಿದ್ದುಂಟು.

ಅಲ್ಲೊಬ್ಬ ಹೆಂಗಸು. ದಿನಾ ಅದೇ ಹೊತ್ತಿಗೆ
ಬಟ್ಟೆ ಹಿಂಡುತ್ತಾಳೆ. ಹಿಂಡುತ್ತಾ ನೋಡುತ್ತಾಳೆ.
ನೀರು ಸುರಿದು ಮುಗಿದ ಮೇಲೂ
ಒಣ ಟವೆಲನ್ನು ಮತ್ತೊಮ್ಮೆ ಹಿಂಡುತ್ತಾಳೆ.
ನಾನು ಲೋಟವನ್ನೇ ಮುಖಕ್ಕೆ ಅಡ್ಡ ಹಿಡಿಯುತ್ತೇನೆ.
ಬೆಳಿಗ್ಗೆ ಒಂಬತ್ತಕ್ಕೆ ಕೂದಲು ಬಿಟ್ಟುಕೊಂಡು
ಸುಮ್ಮನೆ ಕೂತವಳ ಬಗ್ಗೆ
ಒಂದು ಓಣಿ ಏನೇನು ಅಂದುಕೊಳ್ಳಲಿಕ್ಕಿಲ್ಲ!

ಮೊದಲು ಹಳೇ ಸೀರೆ ಕಟ್ಟಿದೆ.
ಆಷಾಢದ ಗಾಳಿ ಅದನ್ನು ಬಿಚ್ಚಿ
ಕೆಳಮನೆ ರುದ್ರಮುನಿಯವರ ಸ್ಕೂಟರಿಗೆ ಉಡಿಸಿತು.
ಆಮೇಲೆ ಪೇಂಟಿನ ಡಬ್ಬಿಯಲ್ಲಿ ತೊಂಡೆಬಳ್ಳಿ.
ಹಬ್ಬಿತು, ಹಬ್ಬಿತು, ನನಗೆ ಬೇಕಾದ ಕಡೆ ಬಿಟ್ಟು.
ಬಳ್ಳಿಗೇನು ಮಾನದ ಚಿಂತೆಯೇ?
ಅದಕ್ಕೆ ಬಿಸಿಲಿನದೇ ಚಿಂತೆ.
ಎರಡು ತೊಂಡೆಕಾಯಿ ಕೊಟ್ಟಿತು. ಸಾರಿಗಾಗಲಿಲ್ಲ.

ಕೊನೆಗೆ ಜಾಲರಿಯ ಖಲಂದರ್ ಬಂದ,
ಬಾಯಲ್ಲಿ ನಾಲ್ಕು ಕ್ಲಿಪ್ಪು ಕಚ್ಚಿಕೊಂಡೇ ಮಾತು:
'ಐವತ್ತು ಪರ್ಸೆಂಟ್ ಐತಿ, ಎಪ್ಪತ್ತೈದೈತಿ, ತೊಂಬತ್ತೂ ಐತಿ.'
ತೊಂಬತ್ತು ಅಂದೆ.
'ಬ್ಯಾಡ್ರಿ ಅಕ್ಕಾರೆ, ನಿಮಗಾ ಉಸಿರು ಕಟ್ತತಿ.
ಎಪ್ಪತ್ತೈದು ಹಾಕೋಣು,
ಗಾಳಿ ಹಾಯ್ತತಿ, ಕಣ್ಣು ಹಾಯಂಗಿಲ್ಲ.'

ಕಟ್ಟಡದ ಅಂದ ಕೆಡುತ್ತದೆ ಅಂದರು ರುದ್ರಮುನಿ.
ಅವರ ಸ್ಕೂಟರ್ ಉಟ್ಟ ಸೀರೆಯ ನೆನಪು ಮಾಡಿದೆ.
ಸುಮ್ಮನಾದರು.

ಅವ್ವನ ಹಾಸಿಗೆಯ ಗಂಟುಗಟ್ಟಿದ ಹತ್ತಿ ಹಿಂಜಿಸಿ
ಒಂದು ಗುಂಡು ದಿಂಬು. ಸಂತೆಯ ಈಚಲು ಚಾಪೆ.
ಗೋಡೆಗೆ ಮಡಚುವ ಹಲಗೆ, ಲೋಟ ಇಡಲು ಮಾತ್ರ.
ಮೊದಲ ದಿನ ಕಾಲು ಚಾಚಿ ನೋಡಿಕೊಂಡೆ:
ಯಾರೂ ನೋಡದ ಕಾಲು ಎಷ್ಟು ಉದ್ದ!
ದೂರದ ಮಂಡಕ್ಕಿ ಭಟ್ಟಿಯಿಂದ
ಕಾದ ಮರಳಿನ ವಾಸನೆ
ಹಸಿರು ತೂತುಗಳಲ್ಲಿ ಸೋಸಿ ಬಂತು.
ಕೂತಲ್ಲೇ ನಿದ್ದೆ. ಚಹಾ ಆರಿತ್ತು.

ನಾಲ್ಕನೇ ದಿನ ಎದ್ದು ನೋಡುತ್ತೇನೆ,
ಎದುರಿಗೂ ಜಾಲರಿ.
ಅದೇ ಹಸಿರು, ಅದೇ ಕ್ಲಿಪ್ಪು.
ಫೋನಿನಲ್ಲಿ ಖಲಂದರ್ ನಕ್ಕ:
'ನಿಮಗಿಂತ ಮೊದ್ಲಾ ಹೇಳಿದ್ರು ಅವ್ರು,
ಎದುರು ಮನಿ ನರ್ಸಮ್ಮ
ದಿನಾ ಕುಂತು ನೋಡ್ತಾರ ಅಂತ.'

ನಾನು? ನೋಡುತ್ತಿದ್ದೆನೇ?
ನಿದ್ದೆಗೆಟ್ಟ ಕಣ್ಣು ಎಲ್ಲೋ ಒಂದು ಕಡೆ ನಿಲ್ಲಬೇಕಿತ್ತು.
ನಿಂತ ಜಾಗದಲ್ಲಿ ಅವಳಿದ್ದಳು, ಅಷ್ಟೇ.
ಎರಡು ದಿನ ಸಿಟ್ಟು. ಮೂರನೇ ದಿನ
ನಗು ಬಂದು ಚಹಾ ನೆತ್ತಿಗೇರಿತು.

ಈಗ ಎರಡು ಹಸಿರು ಗೋಡೆ, ನಡುವೆ
ಒಂದು ಗೇಣು ಗಾಳಿ, ಕೇಬಲ್ ತಂತಿ, ಒಂದು ಪಾರಿವಾಳ.
ಹಿಂಡುವ ಸದ್ದು ಕೇಳುತ್ತದೆ. ಕೈ ಕಾಣುವುದಿಲ್ಲ.
ಕೆಮ್ಮು ಕೇಳುತ್ತದೆ.
ಒಣ ಕೆಮ್ಮು. ಬೆಳಗಿನ ಹೊತ್ತು ಹೆಚ್ಚು.
ಕೇಳಬಾರದೆಂದು ಇದ್ದೆ. ಎಷ್ಟೆಂದು ಇರಲಿ,
ಕಿವಿಗೆ ಡ್ಯೂಟಿ ಮುಗಿಯುವುದೇ ಇಲ್ಲ.

ಕಾಲು ಇಳಿಸದೆ, ಹೆರಳು ಕಟ್ಟದೆ
ಕೂತಲ್ಲಿಂದಲೇ ಕೂಗಿದೆ:
'ಎಷ್ಟು ದಿನದಿಂದ ರೀ?'

ಆ ಕಡೆಯ ಜಾಲರಿ
ಸ್ವಲ್ಪ ಹೊತ್ತು ಯೋಚಿಸಿತು.
'ಒಂಬತ್ತಾತ್ರಿ' ಅಂದಿತು.